ಹೆಬ್ಬೆರಳ ಮೇಲಿನ ಗುರುತು

ಗುರುವಾರ ರಾತ್ರಿ ಹನ್ನೊಂದೂವರೆ. ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಂಪಾದಕೀಯದ ಜಾಗ ಇನ್ನೂ ಖಾಲಿ ಇದೆ. ರಾಜ್ಯೋತ್ಸವದ ಬಗ್ಗೆ ಅರ್ಧ ಪುಟ ಬರೆದಿಟ್ಟಿದ್ದೆ. ಆಲೂರು ವೆಂಕಟರಾಯರು, 1956ರ ಏಕೀಕರಣ, 1973ರಲ್ಲಿ ಕರ್ನಾಟಕ ಅಂತ ಹೆಸರು ಬಂದದ್ದು, ಎಲ್ಲ ಇತ್ತು. ಮೊನ್ನೆ ಸಂಜೆ ಮಗಳ ಸ್ಕೂಲ್ ಬ್ಯಾಗಿನಿಂದ ಒಂದು ಹಾಳೆ ಹೊರಗೆ ಬಂತು. ಅದನ್ನು ಓದಿದ ಮೇಲೆ ಆ ಅರ್ಧ ಪುಟ ಮುಂದಕ್ಕೆ ಹೋಗಲೇ ಇಲ್ಲ.

ಮಗಳು ಈಗ ನಾಲ್ಕನೇ ಕ್ಲಾಸು. ಇಲ್ಲಿ ನಾಲ್ಕನೇ ಕ್ಲಾಸು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಮುಂದೆ ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಗಿಮ್ನಾಸಿಯುಮ್ ಶಾಲೆಯೋ, ಅದಕ್ಕಿಂತ ಬೇಗ ಮುಗಿಯುವ ರೆಯಾಲ್‌ಶೂಲೆಯೋ ಅನ್ನುವ ಮಾತು ಎಲ್ಲರ ಮನೆಯಲ್ಲೂ ಊಟದ ಜೊತೆ ಬಂದು ಕೂರುವ ವರ್ಷ. ಹಾಗಾಗಿ ಜರ್ಮನ್ ಪ್ರಬಂಧ ಅಂದರೆ ನಾನೂ ಸ್ವಲ್ಪ ಜಾಸ್ತಿ ಗಮನ ಕೊಡುತ್ತೇನೆ. ಈ ಸಲ ಕೊಟ್ಟಿರುವುದು ಪೆರ್ಸೋನೆನ್‌ಬೆಶ್ರೈಬುಂಗ್. ಒಬ್ಬ ವ್ಯಕ್ತಿಯನ್ನು, ನೋಡದೇ ಇದ್ದವರಿಗೂ ಗುರುತು ಸಿಗುವ ಹಾಗೆ ಬರೆಯಬೇಕು. ಇದಕ್ಕೆ ನಿಯಮಗಳಿವೆ. ವರ್ತಮಾನ ಕಾಲದಲ್ಲೇ ಬರೆಯಬೇಕು. ತಲೆಯಿಂದ ಶುರುಮಾಡಿ ಪಾದದವರೆಗೆ ಕ್ರಮವಾಗಿ ಬರಬೇಕು. ಚೆಂದ, ಒಳ್ಳೆಯದು ಅಂತ ತನ್ನ ಅಭಿಪ್ರಾಯ ಹಾಕುವ ಹಾಗಿಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಕೊನೆಯಲ್ಲಿ ವಿಶೇಷ ಗುರುತು ಏನಾದರೂ ಇದ್ದರೆ ಅದು.

ಅವಳು ನನ್ನನ್ನು ಆರಿಸಿಕೊಂಡಿದ್ದಳು. ಕಚ್ಚಾ ಪ್ರತಿ ಅದು. ಈ ವಾರದ ರಜೆ ಮುಗಿದ ಮೇಲೆ ತಿದ್ದಿ ಕೊಡಬೇಕು.

ಅಮ್ಮನ ಎತ್ತರ ಒಂದು ಮೀಟರ್ ಐವತ್ತಾರು. ಕೂದಲು ಕಪ್ಪು, ಹಣೆಯ ಹತ್ತಿರ ಬೆರಳಗಲ ಬಿಳಿ. ಕನ್ನಡಕದ ಫ್ರೇಮು ನೀಲಿ, ಎಡಗಡೆಯ ಕಡ್ಡಿ ಸ್ವಲ್ಪ ಸೊಟ್ಟ. ಮನೆಯಲ್ಲಿ ಉಣ್ಣೆಯ ಕಾಲುಚೀಲದ ಮೇಲೆ ಚಪ್ಪಲಿ ಹಾಕುತ್ತಾಳೆ. ಹೀಗೆ ಹೋಗಿತ್ತು. ಕಡ್ಡಿ ಸೊಟ್ಟ ಆಗಿರುವುದು ನನಗೇ ಗೊತ್ತಿರಲಿಲ್ಲ. ಕನ್ನಡಕ ತೆಗೆದು ನೋಡಿದೆ, ಹೌದು. ನನ್ನನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲ ಅನಿಸಿ ಖುಷಿಯಾಯಿತು.

ಕೊನೆಯ ಸಾಲು ಇದು: "ವಿಶೇಷ ಗುರುತು: ಎಡಗೈ ಹೆಬ್ಬೆರಳಿನ ಮೇಲೆ ಉದ್ದದ ಗಾಯದ ಕಲೆ. ತರಕಾರಿ ಹೆಚ್ಚುವಾಗ ಆದದ್ದು."

"ತರಕಾರಿ ಹೆಚ್ಚುವಾಗ ಅಂತ ಯಾರು ಹೇಳಿದರು?" ಅಂದೆ.

"ಯಾರೂ ಹೇಳಿಲ್ಲ. ನೀನು ಹೇಳಲೇ ಇಲ್ವಲ್ಲ. ಅದಕ್ಕೆ ಯೋಚನೆ ಮಾಡಿ ಬರೆದೆ."

ಒಂಬತ್ತು ವರ್ಷದಿಂದ ಆ ಬೆರಳು ಹಿಡಿದುಕೊಂಡು ರಸ್ತೆ ದಾಟಿದವಳು. ನಾನು ಹೇಳಲೇ ಇಲ್ಲ. ಅದು ಮೆಟ್ಟುಗತ್ತಿಯ ಗಾಯ.

ನಮ್ಮದು ಸಾಗರದ ಕಡೆ ಒಂದು ಸಣ್ಣ ಊರು. ಸಂಘಕ್ಕೆ ಸೇರಿದ ಹೊಸದರಲ್ಲಿ ಯಾರಾದರೂ ಊರು ಕೇಳಿದರೆ ಸಾಗರ ಅನ್ನುತ್ತಿದ್ದೆ. "ಓ, ಅಡಕೆ ತೋಟದವರು!" ಅನ್ನುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅಲ್ಲ ಅಂತ ಒಂದು ಸಲವೂ ಹೇಳಲಿಲ್ಲ. ಹದಿನಾಲ್ಕು ವರ್ಷ ಆಯಿತು ಇಲ್ಲಿಗೆ ಬಂದು. ನಿಮ್ಮಲ್ಲಿ ಎಷ್ಟೋ ಜನ ಇವತ್ತಿಗೂ ಹಾಗೇ ತಿಳಿದಿದ್ದೀರಿ. ನಮಗೆ ತೋಟ ಇರಲಿಲ್ಲ. ನಮ್ಮ ಅವ್ವ ಬೇರೆಯವರ ಮನೆಯ ಅಂಗಳದಲ್ಲಿ ಅಡಕೆ ಸುಲಿಯುತ್ತಿದ್ದಳು. ಅಪ್ಪ ಮರ ಹತ್ತಿ ಅಡಕೆ ಕೊಯ್ಯುವ ಕೊನೆಗೌಡರ ಜೊತೆ ಹೋಗಿ ಮರದ ಕೆಳಗೆ ನಿಂತು ಕೊನೆ, ಅಂದರೆ ಅಡಕೆಯ ಗೊಂಚಲು, ಹಿಡಿಯುತ್ತಿದ್ದರು.

ಮಲೆನಾಡಿನವರಿಗೆ ಈ ಹೊತ್ತಿನಲ್ಲಿ ಊರು ಹೇಗಿರುತ್ತದೆ ಅಂತ ಗೊತ್ತು. ದೀಪಾವಳಿ ಮುಗಿದು, ಮಳೆ ಹಿಂದಾಗಿ, ಬೆಳಗಿನ ಹೊತ್ತು ಇಬ್ಬನಿ ಶುರುವಾಗಿರುತ್ತದೆ. ಕೊನೆಕೊಯ್ಲಿನ ಕಾಲ. ಹಗಲು ಕೊಯ್ದ ಅಡಕೆ ರಾತ್ರಿ ಅಂಗಳದಲ್ಲಿ ರಾಶಿ. ಹಸಿ ಇದ್ದಾಗಲೇ ಸುಲಿಯಬೇಕು. ಬಾಡಿದರೆ ಸಿಪ್ಪೆ ಬಿಡುವುದಿಲ್ಲ. ಸಂಜೆ ಬೇಗ ಉಂಡು ಅವ್ವ ಹೊರಡುತ್ತಿದ್ದಳು, ಜೊತೆಗೆ ನಾನು. ಅಂಗಳದಲ್ಲಿ ಸಾಲಾಗಿ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ನೋಡದೇ ಇದ್ದವರಿಗೆ ಹೇಳುತ್ತೇನೆ: ಒಂದು ಮಣೆ, ಅದಕ್ಕೆ ನೆಟ್ಟಗೆ ಹೊಡೆದ ಕತ್ತಿ. ಮಣೆಯನ್ನು ಮೆಟ್ಟಿಕೊಂಡು ಕೂತರೆ ಎರಡೂ ಕೈ ಖಾಲಿ. ಅಡಕೆಯನ್ನು ಕತ್ತಿಗೆ ಒತ್ತಿ, ತಿರುವಿ, ಸಿಪ್ಪೆ ಎಬ್ಬಿಸಬೇಕು. ಕತ್ತಿ ನಿಂತಲ್ಲೇ ನಿಂತಿರುತ್ತದೆ, ಕೈ ಅದರ ಕಡೆಗೆ ಹೋಗುತ್ತದೆ. ಹೊಸಬರ ಹೆಬ್ಬೆರಳು ಅದರಿಂದಲೇ ಕೆಡುವುದು.

ಅವ್ವ ಕತ್ತಿ ನೋಡುತ್ತಲೇ ಇರಲಿಲ್ಲ. ಕಣ್ಣು ಪಕ್ಕದವಳ ಮಾತಿನ ಮೇಲೆ, ಕೈ ಅದರ ಪಾಡಿಗೆ. ಟಕ್, ಟಕ್, ಸಿಪ್ಪೆ ಒಂದು ಕಡೆ, ಅಡಕೆ ಬುಟ್ಟಿಗೆ. ಕೂಲಿ ಡಬ್ಬದ ಲೆಕ್ಕ. ಸೀಮೆಎಣ್ಣೆ ಡಬ್ಬದಲ್ಲಿ ಅಳೆದು ಡಬ್ಬಕ್ಕೆ ಇಷ್ಟು ಅಂತ. ನಾನು ಸುಲಿದದ್ದು ಅವ್ವನ ಬುಟ್ಟಿಗೆ ಸೇರುತ್ತಿತ್ತು. ಅಂಗಳದ ನಡುವೆ ಪೆಟ್ರೋಮ್ಯಾಕ್ಸ್ ಸುಂಯ್ ಅನ್ನುತ್ತಿತ್ತು. ಹುಳ ಬಂದು ಗಾಜಿಗೆ ಬಡಿಯುತ್ತಿದ್ದವು. ಒಂದು ಟೇಪ್ ರೆಕಾರ್ಡರಿನಲ್ಲಿ ತಾಳಮದ್ದಳೆ. ಅರ್ಥಧಾರಿಗಳು ವಾದಕ್ಕೆ ಇಳಿದರೆ ಹೆಂಗಸರ ಕೈಯೂ ಜೋರಾಗುತ್ತಿತ್ತು. ಸರಿರಾತ್ರಿಗೆ ಒಂದು ಲೋಟ ಚಾ, ಒಂದು ಹಿಡಿ ಅವಲಕ್ಕಿ. ಹಿಂದುಗಡೆ ದೊಡ್ಡ ತಾಮ್ರದ ಹಂಡೆಯಲ್ಲಿ ಸುಲಿದ ಅಡಕೆ ಚೊಗರಿನಲ್ಲಿ, ಅಂದರೆ ಅಡಕೆ ಬೇಯಿಸಿ ಉಳಿದ ರಸದಲ್ಲಿ, ಬೇಯುತ್ತಿರುತ್ತಿತ್ತು. ಆ ವಾಸನೆ! ಇಲ್ಲಿ ಅಕ್ಟೋಬರಿನಲ್ಲಿ ಕಾಡಿನ ದಾರಿಯಲ್ಲಿ ನಡೆಯುವಾಗ, ಒದ್ದೆ ಎಲೆ ಕೊಳೆಯುವ ಕಡೆ, ಎಲ್ಲೋ ಒಂದು ಕ್ಷಣ ಅದರ ಹತ್ತಿರದ ವಾಸನೆ ಬರುತ್ತದೆ. ನಿಂತುಬಿಡುತ್ತೇನೆ.

ಮೂರು ನಾಲ್ಕು ತಿಂಗಳು ಹೀಗೆ. ಹಸಿ ಅಡಕೆಯ ಕರೆ ಕೈಗೆ ಹತ್ತಿದರೆ ಹೋಗುವುದಿಲ್ಲ. ಅವ್ವನ ಅಂಗೈ, ಬೆರಳ ಸಂದು, ಉಗುರಿನ ಸುತ್ತ ಎಲ್ಲ ಕರ್ರಗೆ. ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಹೋಗುತ್ತಿರಲಿಲ್ಲ. ಕಲಸಿದ ಅನ್ನದ ತುತ್ತು ಆ ಕೈಯಿಂದಲೇ ನಮ್ಮ ಬಾಯಿಗೆ.

1990ರ ಕೊಯ್ಲಿನಲ್ಲಿ ನಾನು ಐದನೇ ಕ್ಲಾಸು. ಮೇಷ್ಟ್ರು ಪ್ರಬಂಧ ಕೊಟ್ಟರು, 'ನನ್ನ ತಾಯಿ'. ಹೇಗೆ ಬರೆಯಬೇಕು ಅಂತ ಅವರೇ ಬೋರ್ಡಿನ ಮೇಲೆ ಹತ್ತು ಸಾಲು ಬರೆದರು. ತಾಯಿಯೇ ಮೊದಲ ಗುರು. ತಾಯಿ ಮನೆಯ ದೀಪ. ಅವಳು ಬೆಳಿಗ್ಗೆ ಬೇಗ ಎದ್ದು ಅಂಗಳಕ್ಕೆ ರಂಗೋಲಿ ಹಾಕುತ್ತಾಳೆ. ಅವಳ ಕೈ ಹೂವಿನಂತೆ ಮೃದು. ಹೆಸರಿನ ಜಾಗ ಮಾತ್ರ ಬಿಟ್ಟಿದ್ದರು. ನಾವೆಲ್ಲ ಅದನ್ನೇ ಬರೆದುಕೊಂಡು, ಅವರವರ ಅವ್ವನ ಹೆಸರು ತುಂಬಿದೆವು. ತಪ್ಪಿಲ್ಲದೆ ಬರೆದಿದ್ದಕ್ಕೆ ನನಗೆ ಹತ್ತಕ್ಕೆ ಒಂಬತ್ತು ಬಂತು. ಮೇಷ್ಟ್ರನ್ನು ದೂರುತ್ತಿಲ್ಲ. ಒಂದೇ ಕೋಣೆಯಲ್ಲಿ ಎರಡು ಕ್ಲಾಸು ನಡೆಸುತ್ತಿದ್ದವರು. ನಮ್ಮ ಅಕ್ಷರ ದುಂಡಗೆ ಬರಲಿ ಅಂತ ಅಷ್ಟು ಮಾಡಿದ್ದೇ ದೊಡ್ಡದು.

ಅವತ್ತು ಸಂಜೆ ಅವ್ವ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಳು. ಅವಳಿಗೆ ಓದು ಬರಹ ಬರುವುದಿಲ್ಲ. ಒಂಬತ್ತು ಬಂತು ಅಂದೆ. ಓದು ಅಂದಳು. ಒಲೆ ಬೆಳಕಿಗೆ ಪಟ್ಟಿ ಹಿಡಿದು ಜೋರಾಗಿ ಓದಿದೆ. ಮೊದಲ ಗುರು, ಮನೆಯ ದೀಪ, ಎಲ್ಲ ಕೇಳಿದಳು. ಹೂವಿನಂತೆ ಮೃದು ಅನ್ನುವ ಸಾಲು ಬಂದಾಗ ತನ್ನ ಕೈ ತಿರುಗಿಸಿ ಒಮ್ಮೆ ನೋಡಿಕೊಂಡಳು. ನಾನು ಮುಗಿಸಿದ ಮೇಲೆ ಕೇಳಿದಳು:

"ಚೊಲೊ ಐತಿ. ಇದು ಯಾರ ಅವ್ವ?"

ಅವಳು ಕುಟುಕಲಿಲ್ಲ. ನಿಜವಾಗಿ ಕೇಳಿದಳು. ಪುಸ್ತಕದಲ್ಲಿ ಬರುವ ಯಾರದೋ ಅವ್ವ ಅಂದುಕೊಂಡಳು. ನಾನು "ನೀನೇ" ಅನ್ನಬೇಕಿತ್ತು. ಅನ್ನಲಿಲ್ಲ. "ಮೇಷ್ಟ್ರು ಬರೆಸಿದ್ದು" ಅಂದು ಪಟ್ಟಿ ಮುಚ್ಚಿದೆ.

ಅದೇ ವಾರವೋ ಮುಂದಿನ ವಾರವೋ, ಸುಲಿಯುತ್ತಾ ಕೂತಲ್ಲೇ ತೂಕಡಿಸಿದೆ. ಹೆಬ್ಬೆರಳು ಕತ್ತಿಗೆ ಹೋಯಿತು. ಅವ್ವ ಸೆರಗು ಹರಿದು, ಅರಿಶಿನ ಒತ್ತಿ ಕಟ್ಟಿದಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಮತ್ತೆ ಹೋಗಿ ಕತ್ತಿಯ ಮುಂದೆ ಕೂತಳು. ಡಬ್ಬ ಇನ್ನೂ ತುಂಬಿರಲಿಲ್ಲ. ಅವಳು ಅಳುತ್ತಿದ್ದಳು, ಕೈ ನಿಲ್ಲಲಿಲ್ಲ. ಮಾರನೆಯ ದಿನದಿಂದ ನನ್ನನ್ನು ರಾತ್ರಿ ಕರೆದುಕೊಂಡು ಹೋಗಲಿಲ್ಲ. "ನೀ ಓದು" ಅಂದಳು. ನಾನು ಪಿಯುಸಿ ಮಾಡಿದ್ದು, ಶಿವಮೊಗ್ಗೆಯಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದಿದ್ದು, ಇವತ್ತು ಈ ಊರಿನಲ್ಲಿ ಕೂತು ಕಾರಿನ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು, ಎಲ್ಲದರ ಹಿಂದೆ ಆ ಡಬ್ಬಗಳಿವೆ. ಎಷ್ಟು ಡಬ್ಬ ಅಂತ ಲೆಕ್ಕ ಹಾಕಲು ಕೂತರೆ ನಿದ್ದೆ ಬರುವುದಿಲ್ಲ.

ಇದನ್ನೆಲ್ಲ ಮಗಳಿಗೆ ಯಾಕೆ ಹೇಳಲಿಲ್ಲ? ನಾಚಿಕೆ. ಬೇರೆ ಪದ ಹುಡುಕುವುದಿಲ್ಲ. ಅವಳ ಗೆಳತಿಯರ ಅಜ್ಜ ಅಜ್ಜಿಯರು ಶೆಂಗೆನ್ ವೀಸಾ ಮಾಡಿಸಿಕೊಂಡು ಬೇಸಿಗೆಯಲ್ಲಿ ಬರುತ್ತಾರೆ. ಬ್ಯಾಂಕು, ಕಾಲೇಜು, ಸೆಕ್ರೆಟರಿಯೇಟಿನಲ್ಲಿ ಇದ್ದವರು. ನನ್ನ ಅವ್ವ ಒಂದು ಸಲ ಬಂದಿದ್ದಳು. ಉದ್ಯಾನದಲ್ಲಿ ಎಲ್ಲರೂ ಕೂತಾಗ ಯಾರೋ ಪ್ರೀತಿಯಿಂದಲೇ ಕೇಳಿದರು, "ನೀವು ಏನು ಮಾಡ್ತಿದ್ರಿ ಅಮ್ಮ?" ಅವಳು ಬಾಯಿ ತೆರೆಯುವ ಮೊದಲೇ ನಾನು "ಮನೆಯಲ್ಲೇ ಇದ್ದರು" ಅಂದುಬಿಟ್ಟೆ. ಅವ್ವ ನನ್ನ ಮುಖ ನೋಡಿ ಸುಮ್ಮನಾದಳು. ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡ ಹಾಗೇ ಅದೂ. ಈ ಮಾತು ಇಲ್ಲಿ ಬರೆಯುವುದು ಸುಲಭವಲ್ಲ, ಆದರೆ ಬರೆಯಬೇಕು.

ನಮ್ಮ ಮಕ್ಕಳು ನಮ್ಮನ್ನು ವರ್ತಮಾನ ಕಾಲದಲ್ಲೇ ಬರೆಯುತ್ತಾರೆ. ಅವರ ತಪ್ಪಲ್ಲ. ಅವರಿಗೆ ಕಾಣುವುದು ಉಣ್ಣೆಯ ಕಾಲುಚೀಲ, ಲ್ಯಾಪ್‌ಟಾಪು, ಶನಿವಾರದ ಸಾಮಾನಿನ ಚೀಲ. ಮೂರನೇ ಮಹಡಿಯ ಈ ಮನೆಗೆ ಬರುವ ಮೊದಲು ಅಮ್ಮ ಎಲ್ಲಿದ್ದಳು, ಅಪ್ಪನ ಮೊಣಕಾಲಿನ ಕಲೆ ಯಾವ ಕೆರೆ ಏರಿಯದ್ದು, ಅದನ್ನು ನಾವು ಹೇಳಬೇಕು. ಹೇಳದಿದ್ದರೆ ಅವರು ಊಹೆ ಮಾಡುತ್ತಾರೆ. ತರಕಾರಿ ಹೆಚ್ಚುವಾಗ ಅಂತ ಬರೆಯುತ್ತಾರೆ. ಕನ್ನಡ ತರಗತಿಯಲ್ಲಿ ಅ ಆ ಇ ಈ ತಿದ್ದಿಸುವಷ್ಟೇ ಇದೂ ಮುಖ್ಯ ಅಂತ ನನಗೆ ಈ ವಾರ ಅನಿಸಿದೆ. ಜಾಸ್ತಿಯೇ ಮುಖ್ಯ.

ಅದಕ್ಕೇ ಒಂದು ಬೇಡಿಕೆ. ಸಂಕ್ರಾಂತಿ ಸಂಚಿಕೆಯಲ್ಲಿ ನಾಲ್ಕು ಪುಟ ಮಕ್ಕಳಿಗೆ ಬಿಡುತ್ತೇನೆ. 'ನನ್ನ ಅಮ್ಮ', 'ನನ್ನ ಅಪ್ಪ', 'ನನ್ನ ಅಜ್ಜಿ', ಏನಾದರೂ ಇರಲಿ. ಆದರೆ ಕೇಳಿ ಬರೆದದ್ದಾಗಿರಲಿ. ಕನ್ನಡ ಅರ್ಧ ಜರ್ಮನ್ ಅರ್ಧ ಇದ್ದರೂ ಸರಿ, ಕಾಗುಣಿತ ತಪ್ಪಿದರೂ ಸರಿ. ಬರೆಯಲು ಬಾರದ ಮಗು ಹೇಳಲಿ, ನೀವು ಬರೆದುಕೊಳ್ಳಿ. ದೊಡ್ಡವರು ದಯವಿಟ್ಟು ತಿದ್ದಬೇಡಿ. ಬೋರ್ಡಿನ ಮೇಲೆ ಬರೆದುಕೊಡಬೇಡಿ. ಕೊನೆಯ ದಿನ ಡಿಸೆಂಬರ್ 20.

ಇನ್ನು ಪ್ರಕಟಣೆಗಳು. ಜಾಗ ಕಡಿಮೆ, ಒಟ್ಟಿಗೇ ಹೇಳಿಬಿಡುತ್ತೇನೆ. ರಾಜ್ಯೋತ್ಸವ ನವೆಂಬರ್ 8, ಶನಿವಾರ, ಮಧ್ಯಾಹ್ನ ಎರಡರಿಂದ, ಕಳೆದ ವರ್ಷದ ಹಾಲಿನಲ್ಲೇ. 1ನೇ ತಾರೀಖು ಯಾಕಿಲ್ಲ ಅಂತ ಹೊಸಬರು ಕೇಳುತ್ತಿದ್ದಾರೆ. ಅವತ್ತು ಇಲ್ಲಿ ಅಲ್ಲರ್‌ಹೈಲಿಗನ್, ತೀರಿಕೊಂಡವರನ್ನು ನೆನೆಯುವ ಮೌನದ ದಿನ. ನಮ್ಮ ಈ ರಾಜ್ಯ ಬಾಡೆನ್-ವ್ಯುರ್ಟೆಂಬರ್ಗಿನಲ್ಲಿ ಅಂದು ಸಾರ್ವಜನಿಕವಾಗಿ ಕುಣಿತ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮದು ಕೋಲಾಟ, ಡೊಳ್ಳು. ಹಾಗಾಗಿ ಒಂದು ವಾರ ಆಚೆಗೆ. 1ರಂದು ನಿಮ್ಮ ನಿಮ್ಮ ಮನೆಯಲ್ಲೇ ಒಂದು ದೀಪ ಹಚ್ಚಿ. ಕೋಲಾಟದ ಮಕ್ಕಳು 6ರ ಸಂಜೆ ಐದಕ್ಕೆ ತಾಲೀಮಿಗೆ ಬರಬೇಕು, ಕೋಲು ಮನೆಯಿಂದಲೇ ತನ್ನಿ. ಪುಳಿಯೋಗರೆಗೆ ಆರು ಜನ ಒಪ್ಪಿದ್ದಾರೆ, ಮೊಸರನ್ನಕ್ಕೆ ಇನ್ನೂ ಇಬ್ಬರು ಬೇಕು. ದೀಪಾವಳಿ ಊಟದ ದಿನದ ಎರಡು ದೊಡ್ಡ ಪಾತ್ರೆ ಯಾರ ಮನೆಗೋ ಹೋಗಿವೆ, ಅಂದು ತಂದುಕೊಡಿ. ಗ್ರಂಥಾಲಯದ ಪುಸ್ತಕಗಳನ್ನೂ.

ಡಿಸೆಂಬರ್ 14, ಭಾನುವಾರ, ಟ್ಯೂಬಿಂಗನ್‌ಗೆ ಹೋಗೋಣ ಅಂತಿದ್ದೇವೆ. ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೇರುವುದು. ಡಾಯ್ಚ್‌ಲಾಂಡ್ ಟಿಕೆಟ್ (ತಿಂಗಳ ಪಾಸು) ಇದ್ದವರಿಗೆ ಬೇರೆ ಖರ್ಚಿಲ್ಲ. ಕಿಟೆಲ್ ಕಡೆಯ ದಿನಗಳನ್ನು ಕಳೆದು, 1903ರ ಡಿಸೆಂಬರಿನಲ್ಲಿ ತೀರಿಕೊಂಡ ಊರು ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ಪದದ ಜೊತೆಗೆ ಗಾದೆಗಳನ್ನೂ ಸೇರಿಸಿದ್ದಾರೆ. ಒಂದು ಪ್ರತಿ ನಮ್ಮ ಗ್ರಂಥಾಲಯದಲ್ಲಿದೆ, ರೈಲಿನಲ್ಲಿ ತರುತ್ತೇನೆ. ಮಕ್ಕಳು ತಮ್ಮ ಮನೆಯ ಒಂದೊಂದು ಪದ ಹೇಳಲಿ, ಇದೆಯಾ ಅಂತ ಹುಡುಕೋಣ.

ಈಗ ನನ್ನದೊಂದು ಮಾತು. ಭಾನುವಾರದ ಕನ್ನಡ ತರಗತಿ ಐದು ವರ್ಷದಿಂದ ನಡೆಸಿಕೊಂಡು ಬಂದ ದಂಪತಿ ಡಿಸೆಂಬರಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾರೆ. ಹನ್ನೊಂದು ಮಕ್ಕಳು ಬರುತ್ತಿದ್ದಾರೆ. ಜನವರಿಯಿಂದ ಯಾರು? ಸಮಿತಿ ಸಭೆಯಲ್ಲಿ ಎರಡು ಸಲ ಕೇಳಿದೆ, ಎಲ್ಲರೂ ಮೇಜು ನೋಡಿದರು. ವಾರಕ್ಕೆ ಎರಡು ಗಂಟೆ ಸಾಕು. ಇಬ್ಬರು ಸೇರಿ ಹಂಚಿಕೊಂಡರೆ ಒಂದು ವಾರ ಬಿಟ್ಟು ಒಂದು ವಾರ. ಪಾಠ ಮಾಡಿ ಅಭ್ಯಾಸ ಇರಬೇಕಾಗಿಲ್ಲ.

ಈ ಸುದ್ದಿಪತ್ರಕ್ಕೂ ಜನ ಬೇಕು. ನಾಲ್ಕು ವರ್ಷದಿಂದ ಬರೆಸುವುದು, ಟೈಪು ಮಾಡುವುದು, ಕರಡು ತಿದ್ದುವುದು, ಅಂಚೆಗೆ ಹಾಕುವುದು ಒಬ್ಬಳದೇ ಆಗಿದೆ. ಸುಸ್ತಾಗಿದೆ. ನಿಲ್ಲಿಸಲು ಮನಸ್ಸಿಲ್ಲ. ಕನ್ನಡದ ಮೊದಲ ಪತ್ರಿಕೆಯನ್ನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ. ಅವರು ಹದಿನೈದು ದಿನಕ್ಕೊಮ್ಮೆ ತರುತ್ತಿದ್ದರು, ನಾವು ಮೂರು ತಿಂಗಳಿಗೊಮ್ಮೆ. ಆ ಊರಿನ ಮೇಲೆ ಎಸ್-ಬಾನ್ ರೈಲು ಹೋಗುವಾಗಲೆಲ್ಲ ಈ ಸಲದ್ದನ್ನು ಹೇಗಾದರೂ ಮುಗಿಸಬೇಕು ಅನಿಸುತ್ತದೆ. ಕರಡು ನೋಡುವ ಒಂದು ಜೊತೆ ಕಣ್ಣು ಸಿಕ್ಕರೂ ನನಗೆ ದೊಡ್ಡ ಸಹಾಯ. ದಯವಿಟ್ಟು.

ಮಗಳ ಹಾಳೆಗೆ ಬರುತ್ತೇನೆ. ಅಂದು ರಾತ್ರಿ ಅವಳಿಗೆ ಎಲ್ಲ ಹೇಳಿದೆ. ಕೊನೆ, ಕತ್ತಿ, ಚೊಗರು, ಡಬ್ಬ, ಅವ್ವ ಕೇಳಿದ ಪ್ರಶ್ನೆ, ಉದ್ಯಾನದಲ್ಲಿ ನಾನು ಆಡಿದ ಸುಳ್ಳು. ನನ್ನ ಹೆಬ್ಬೆರಳು ಹಿಡಿದುಕೊಂಡೇ ಕೇಳಿದಳು. "ಅಜ್ಜಿಗೆ ಬೇಜಾರಾಯ್ತಾ?" ಅಂದಳು. ಆಗಿರಬೇಕು ಅಂದೆ. "ನೀನು ಕೇಳಿದ್ಯಾ?" ಇಲ್ಲ ಅಂದೆ.

ನಿನ್ನೆ ಫೋನು ಮಾಡಿದೆವು. ಗಡಿಯಾರ ಹಿಂದೆ ಹೋದ ಮೇಲೆ ಈಗ ನಾಲ್ಕೂವರೆ ಗಂಟೆ ಅಂತರ. ಇಲ್ಲಿ ಮಧ್ಯಾಹ್ನ ಮೂರು, ಅಲ್ಲಿ ಏಳೂವರೆ, ಅವ್ವ ಊಟಕ್ಕೆ ಮೊದಲು ಜಗುಲಿಯಲ್ಲಿ ಕೂತಿದ್ದಳು. ಈಗ ಸುಲಿಯಲು ಯಂತ್ರ ಬಂದಿವೆ, ಅವಳು ಹೋಗುವುದೂ ಇಲ್ಲ. ಮಗಳು ತನ್ನ ಅರೆಬರೆ ಕನ್ನಡದಲ್ಲಿ "ಅಜ್ಜಿ, ಕೈ ತೋರಿಸು" ಅಂದಳು. ಅವ್ವ ಫೋನಿಗೆ ಅಂಗೈ ಅಂಟಿಸಿಯೇ ಹಿಡಿದಳು. ಪರದೆ ತುಂಬ ಕತ್ತಲೆ. "ದೂರ, ಅಜ್ಜಿ, ದೂರ!" ಸ್ವಲ್ಪ ಹಿಂದೆ ಸರಿಸಿದಳು. ಅಡಕೆಯ ಕರೆ ಎಲ್ಲ ಹೋಗಿದೆ. ಗೆರೆಗಳ ಒಳಗೆ ಮಾತ್ರ ಇನ್ನೂ ಕಪ್ಪು ಉಳಿದಿದೆ, ಅಥವಾ ನನಗೆ ಹಾಗೆ ಕಂಡಿತು. ಮಗಳು ಪೆನ್ಸಿಲ್ ಹಿಡಿದು ನೋಡುತ್ತಾ ಕೂತಳು. ನಾನು ಉದ್ಯಾನದ ಮಾತು ಎತ್ತಿದೆ. "ಅದು ಯಾಕೆ ಈಗ, ಬಿಡು" ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ದಿನಕ್ಕೆ ಮೂರು ಡಬ್ಬ ಸುಲೀತಿದ್ದೆ ಅಂತ ಹೇಳು ಅವರಿಗೆ" ಅಂದಳು. ಹೇಳಿದ್ದೇನೆ, ಅವ್ವ.

ಇವತ್ತು ಮಲಗುವ ಮೊದಲು ಮಗಳು ಆ ಕೊನೆಯ ಸಾಲನ್ನು ಅಳಿಸಿ ಹೊಸದಾಗಿ ಬರೆಯುತ್ತಿದ್ದಳು. ಗಾಯ ಆದದ್ದು ಹಿಂದೆ, ಹಾಗಾಗಿ ಒಂದೇ ಒಂದು ಸಾಲು ಭೂತಕಾಲದಲ್ಲಿ ಬರೆದರೆ ಟೀಚರ್ ಅಂಕ ಕಳೆಯುತ್ತಾರಾ ಅಂತ ಕೇಳಿದಳು. ಕಳೆದರೆ ಕಳೆಯಲಿ ಅಂದೆ. ಮೆಟ್ಟುಗತ್ತಿಗೆ ಜರ್ಮನ್‌ನಲ್ಲಿ ಏನು ಅಂದಳು. ಹಾಗೇ ಬರಿ ಅಂದೆ. ಒಂದು ಟಿ ನಾ ಎರಡು ಟಿ ನಾ ಅಂದಳು.

"ಎರಡು ಕಡೆಯೂ ಎರಡೆರಡು."